ಡಬ್ಬದ ಮೇಲಿನ ಮುದ್ರೆ, ಡಬ್ಬದೊಳಗಿನ ಹುಡಿ

ಪೂರಕ ಆಹಾರ ಕೊಳ್ಳುವ ಮುನ್ನ ಸಂಘ-ಸಂಸ್ಥೆಗಳ ಬಂಧುಗಳು ತಿಳಿದಿರಬೇಕಾದ ಸಂಗತಿಗಳು

ಚೆಂಬೂರು: ಘಾಟ್ಲಾ, ತಿಲಕ್ ನಗರ, ಛೆಡ್ಡಾ ನಗರ, ಅಣುಶಕ್ತಿ ನಗರ ಹೀಗೆ ಚೆಂಬೂರಿನ ಯಾವ ಮೂಲೆಯ ತುಳು-ಕನ್ನಡಿಗರ ಮನೆಗೆ ಹೋದರೂ ಅಡುಗೆ ಕೋಣೆಯಲ್ಲಿ ಕುಚ್ಚಲಕ್ಕಿ ಡಬ್ಬ, ಉಪ್ಪಿನಕಾಯಿ ಭರಣಿಗಳ ಪಕ್ಕದಲ್ಲಿ ಈಗ ನಾಲ್ಕೈದು ಹೊಸ ಡಬ್ಬಗಳು ಕಾಣಸಿಗುತ್ತವೆ. ಜಿಮ್ಮಿಗೆ ಹೋಗುವ ಮಗನಿಗೆ ಪ್ರೋಟೀನ್ ಹುಡಿ, ಮಂಡಿನೋವಿನ ಅಮ್ಮನಿಗೆ ಕ್ಯಾಲ್ಸಿಯಂ, ಸಕ್ಕರೆ ಕಾಯಿಲೆಯ ತಂದೆಗೆ ಯಾರೋ ಹೇಳಿದ ಗಿಡಮೂಲಿಕೆಯ ಕ್ಯಾಪ್ಸೂಲು, ಸೊಸೆಗೆ ತೂಕ ಇಳಿಸುವ ಮಾತ್ರೆ. ತಿಂಗಳ ಸಾಮಾನಿನ ಪಟ್ಟಿಯಲ್ಲಿ ಇವುಗಳಿಗೂ ಒಂದು ಸಾಲು ಮೀಸಲಾಗಿಬಿಟ್ಟಿದೆ.

ಇವು ಮನೆಗೆ ಬರುವ ದಾರಿಗಳೂ ಹಲವು. ಔಷಧ ಅಂಗಡಿಯಿಂದ ಕೆಲವು, ಜಿಮ್ ತರಬೇತುದಾರನ ಕೈಯಿಂದ ಕೆಲವು, ಮೊಬೈಲ್ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದವು ಕೆಲವು. ಇನ್ನು ಕೆಲವು ಬರುವುದು ನಮ್ಮವರ ಮೂಲಕವೇ. ಸಂಘದ ವಾರ್ಷಿಕೋತ್ಸವದಲ್ಲೋ ಅರಸಿನ ಕುಂಕುಮ ಕಾರ್ಯಕ್ರಮದಲ್ಲೋ ಪಕ್ಕದ ಕುರ್ಚಿಯಲ್ಲಿ ಕುಳಿತವರು, "ಅಕ್ಕಾ, ನಾನೇ ಮೂರು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ನೀವೂ ಒಮ್ಮೆ ನೋಡಿ" ಎಂದರೆ ಬೇಡವೆನ್ನುವುದು ಕಷ್ಟ. ಊರಿನ ಸಂಬಂಧ, ಮಾತಿನ ವಿಶ್ವಾಸ ಎರಡೂ ಅದರಲ್ಲಿ ಸೇರಿಕೊಂಡಿರುತ್ತವೆ. ಮೇಲಾಗಿ ಡಬ್ಬದ ಮೇಲೆ ಸಾಲುಸಾಲಾಗಿ ಮುದ್ರೆಗಳಿರುತ್ತವೆ: ಎಫ್‌ಎಸ್‌ಎಸ್‌ಎಐ, ಐಎಸ್‌ಒ, ಜಿಎಂಪಿ, 'ಲ್ಯಾಬ್ ಟೆಸ್ಟೆಡ್'. ಇಷ್ಟೆಲ್ಲ ಇದ್ದ ಮೇಲೆ ಇನ್ನೇನು ಸಂಶಯ ಎಂದುಕೊಳ್ಳುವವರೇ ಹೆಚ್ಚು. ಆದರೆ ಈ ಮುದ್ರೆಗಳಲ್ಲಿ ಯಾವುದು ಯಾವುದಕ್ಕೆ ಜವಾಬ್ದಾರಿ ಹೊರುತ್ತದೆ ಎಂಬುದನ್ನು ತಿಳಿಯದೆ ನಂಬಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ಊರಿನದೇ ಒಂದು ಉದಾಹರಣೆ ಇದೆ.

ಕುಂದಾಪುರದ ಓಟಗಾರ್ತಿಗೆ ಬಂದ ಕಷ್ಟ

ಉಡುಪಿ ಜಿಲ್ಲೆಯ ಕುಂದಾಪುರ ಸೀಮೆಯ ಸಿದ್ದಾಪುರದಿಂದ ಬಂದ ಅಶ್ವಿನಿ ಅಕ್ಕುಂಜಿ ಅವರ ಹೆಸರನ್ನು ಓದುಗರು ಮರೆತಿರಲಾರರು. 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ 4x400 ಮೀಟರ್ ರಿಲೇಯಲ್ಲಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಮರುತಿಂಗಳೇ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನದ ಪದಕ ಗೆದ್ದರು. ಕರಾವಳಿಯ ಹಳ್ಳಿಯ ಹುಡುಗಿಯೊಬ್ಬಳು ಏಷ್ಯಾ ಖಂಡದ ವೇಗದ ಓಟಗಾರ್ತಿಯರ ಸಾಲಿಗೆ ಸೇರಿದ್ದು ಮುಂಬಯಿಯ ನಮ್ಮವರಿಗೂ ಹೆಮ್ಮೆಯ ಸಂಗತಿಯಾಗಿತ್ತು.

ಆದರೆ 2011ರಲ್ಲಿ ನಡೆದ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಅಶ್ವಿನಿ ಸೇರಿದಂತೆ ಭಾರತದ ಹಲವು ಓಟಗಾರ್ತಿಯರ ಮೂತ್ರದಲ್ಲಿ ನಿಷೇಧಿತ ಸ್ಟೆರಾಯ್ಡ್ ಪತ್ತೆಯಾಯಿತು. ತಾವು ತಿಳಿದು ಯಾವ ಮದ್ದನ್ನೂ ಸೇವಿಸಿಲ್ಲ, ಉಕ್ರೇನ್ ದೇಶದ ತರಬೇತುದಾರ ಯೂರಿ ಒಗೊರೊದ್ನಿಕ್ ಅವರು ಚೀನಾದಿಂದ ತಂದುಕೊಟ್ಟ ಜಿನ್‌ಸೆಂಗ್ ಎಂಬ ಬೇರಿನ ಪೂರಕ ಆಹಾರವನ್ನಷ್ಟೇ ತೆಗೆದುಕೊಂಡಿದ್ದೆವು ಎಂಬುದು ಕ್ರೀಡಾಪಟುಗಳ ವಾದ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ 'ನಾಡಾ'ದ ಶಿಸ್ತು ಸಮಿತಿ ಈ ವಾದಕ್ಕೆ ಮನ್ನಣೆ ಕೊಟ್ಟು, 2011ರ ಡಿಸೆಂಬರಿನಲ್ಲಿ ಒಂದು ವರ್ಷದ ನಿಷೇಧವನ್ನಷ್ಟೇ ವಿಧಿಸಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಸ್ವಿಟ್ಜರ್‌ಲೆಂಡಿನ ಲುಸಾನ್‌ನಲ್ಲಿರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಿ, 2012ರ ಜುಲೈಯಲ್ಲಿ ನಿಷೇಧ ಎರಡು ವರ್ಷಕ್ಕೆ ಏರಿತು. ಅದೇ ತಿಂಗಳು ಆರಂಭವಾದ ಲಂಡನ್ ಒಲಿಂಪಿಕ್ಸ್ ಅವರಿಗೆ ಕೈತಪ್ಪಿತು.

ದೇಹದೊಳಗೆ ಹೋದ ವಸ್ತುವಿಗೆ ಅದನ್ನು ಸೇವಿಸಿದವರೇ ಹೊಣೆ ಎಂಬುದು ಕ್ರೀಡಾಲೋಕದ ನಿಯಮ. ಕೊಟ್ಟವರು ಯಾರು, ಎಷ್ಟು ನಂಬಿಕಸ್ಥರು ಎಂಬುದು ಅಲ್ಲಿ ಹೆಚ್ಚು ನಡೆಯುವುದಿಲ್ಲ. ಕ್ರೀಡಾಪಟುವಿಗೆ ಪದಕ, ನಿಷೇಧ ಎಂಬ ಲೆಕ್ಕವಾದರೂ ಇದೆ. ನಮ್ಮ ಮನೆಯ ಹುಡುಗನ ಮೂತ್ರ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಅವನ ಡಬ್ಬದಲ್ಲಿ ಏನಿದೆ ಎಂಬುದು ಯಕೃತ್ತೋ ಮೂತ್ರಪಿಂಡವೋ ಮುನಿದಾಗಲೇ ಗೊತ್ತಾಗುವುದು.

ಗಲ್ಲಾದ ಹಿಂದಿನ ಲೈಸೆನ್ಸ್

ಹಾಗಾದರೆ ಡಬ್ಬದ ಮೇಲಿನ ಮುದ್ರೆಗಳು ಸುಳ್ಳೇ? ಖಂಡಿತ ಅಲ್ಲ. ಆದರೆ ಒಂದೊಂದು ಮುದ್ರೆ ಒಂದೊಂದು ವಿಷಯವನ್ನಷ್ಟೇ ಹೇಳುತ್ತದೆ. ಇದನ್ನು ನಮ್ಮ ಹೊಟೇಲ್ ಉದ್ಯಮಿಗಳಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇರಲಾರರು. ಪ್ರತಿಯೊಂದು ಹೊಟೇಲಿನಲ್ಲೂ ಗಲ್ಲಾದ ಹಿಂದೆ ದೇವರ ಫೋಟೋದ ಬದಿಯಲ್ಲಿ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ತೂಗುಹಾಕಿರುತ್ತದೆ. ಆ ಲೈಸೆನ್ಸ್ ಇದ್ದ ಮಾತ್ರಕ್ಕೆ ಬೆಳಗ್ಗೆ ರುಬ್ಬಿದ ಚಟ್ನಿ ಸಂಜೆಗೆ ಹಳಸದೆ ಉಳಿಯುತ್ತದೆಯೇ? ವ್ಯವಹಾರ ನಡೆಸಲು ಪರವಾನಿಗೆ ಇದೆ ಎಂಬುದಷ್ಟೇ ಅದರ ಅರ್ಥ. ಚಟ್ನಿಯ ಗುಣ ಭಟ್ರ ಕೈಯಲ್ಲಿ, ಧಣಿಯ ಕಣ್ಣಿನಲ್ಲಿ.

ಪ್ರೋಟೀನ್ ಡಬ್ಬದ ಮೇಲಿನ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಅಷ್ಟೇ. ತಯಾರಕ ಲೈಸೆನ್ಸ್ ಪಡೆದಿದ್ದಾನೆ, ಏನಾದರೂ ಆದರೆ ಹಿಡಿಯಲು ವಿಳಾಸವಿದೆ ಎಂದು ಅದು ತಿಳಿಸುತ್ತದೆ. ನಿಮ್ಮ ಕೈಯಲ್ಲಿರುವ ಡಬ್ಬವನ್ನು ಸರಕಾರ ಪರೀಕ್ಷಿಸಿದೆ ಎಂದು ಅಲ್ಲ. ಐಎಸ್‌ಒ 22000, ಎಚ್‌ಎಸಿಸಿಪಿ, ಜಿಎಂಪಿ ಮುಂತಾದವು ಕಾರ್ಖಾನೆಯ ಶಿಸ್ತಿಗೆ ಸಂಬಂಧಿಸಿದವು. ನೆಲ ಶುಚಿಯಿದೆಯೇ, ದಾಖಲೆ ಇಡುತ್ತಾರೆಯೇ, ತಪ್ಪಾಗಬಹುದಾದ ಹಂತಗಳ ಮೇಲೆ ನಿಗಾ ಇದೆಯೇ ಎಂಬುದನ್ನು ನೋಡಿ ಇವುಗಳನ್ನು ಕೊಡಲಾಗುತ್ತದೆ. 'ಎನ್‌ಎಬಿಎಲ್' ಎಂಬುದು ಪ್ರಯೋಗಾಲಯಕ್ಕೆ ಸಿಗುವ ಮಾನ್ಯತೆ. ಐಎಸ್‌ಒ 17025 ಎಂಬ ಮಾನದಂಡದ ಪ್ರಕಾರ ಪರೀಕ್ಷೆ ನಡೆಸುವ ಯೋಗ್ಯತೆ ಆ ಲ್ಯಾಬಿಗೆ ಇದೆ ಎಂದು ಅದು ಸಾರುತ್ತದೆ. ಈ ಎಲ್ಲವನ್ನೂ ದಾಟಿ ಡಬ್ಬದೊಳಗಿನ ಹುಡಿಯ ಬಗ್ಗೆಯೇ ಮಾತನಾಡುವುದು ಒಂದೇ ಒಂದು ಕಾಗದ, ಆ ಬ್ಯಾಚಿನ ವಿಶ್ಲೇಷಣಾ ವರದಿ.

ಚೆಂಬೂರಿನಲ್ಲಿ ಈ ಕಾಗದದ ಪರಿಚಯ ಇರುವವರಿಗೆ ಕೊರತೆಯಿಲ್ಲ. ಬಿಎಆರ್‌ಸಿ, ಆರ್‌ಸಿಎಫ್, ಮಾಹುಲ್‌ನ ತೈಲ ಶುದ್ಧೀಕರಣ ಘಟಕಗಳು ಇರುವ ಪರಿಸರವಿದು. ಇಂಥ ಕಡೆ ದುಡಿದು ನಿವೃತ್ತರಾದವರನ್ನು ಕೇಳಿ ನೋಡಿ. ಕಚ್ಚಾವಸ್ತುವಿನ ಡ್ರಮ್ಮಿನ ಜೊತೆ ವಿಶ್ಲೇಷಣಾ ವರದಿ ಬೇಕೆಂಬುದು ಅವರಿಗೆ ದಿನನಿತ್ಯದ ಮಾತು. ಕಾರ್ಖಾನೆಯ ಯಂತ್ರಕ್ಕೆ ಹಾಕುವ ವಸ್ತುವಿಗೆ ಇಷ್ಟು ಎಚ್ಚರಿಕೆ ವಹಿಸುವ ನಾವು ಹೊಟ್ಟೆಗೆ ಹಾಕುವ ಹುಡಿಗೆ ಯಾಕೆ ಕೇಳುವುದಿಲ್ಲ?

ಇನ್ನೊಂದು ಮಾತು. 'ಅಮೆರಿಕದ ಎಫ್‌ಡಿಎ ಅನುಮೋದಿತ' ಎಂದು ಪೂರಕ ಆಹಾರದ ಡಬ್ಬದ ಮೇಲೆ ಬರೆದಿದ್ದರೆ ಅದನ್ನು ಕಂಡೇ ಸಂಶಯಪಡಬೇಕು. ಅಲ್ಲಿಯ 1994ರ ಕಾಯಿದೆಯ ಪ್ರಕಾರ ಪೂರಕ ಆಹಾರಗಳು ಮಾರುಕಟ್ಟೆಗೆ ಬರುವ ಮುನ್ನ ಎಫ್‌ಡಿಎ ಅನುಮೋದನೆ ಕೊಡುವ ಪದ್ಧತಿಯೇ ಇಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು. ಅದು 2011ರ ಆಗಸ್ಟ್ 5ರಿಂದ ಜಾರಿಯಾಯಿತು. ಪೂರಕ ಆಹಾರಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು 2016ರಲ್ಲಿ ಪ್ರಕಟಿಸಲಾಯಿತು. ಅವು 2018ರ ಆರಂಭದಿಂದ ಜಾರಿಗೆ ಬಂದವು, 2022ರಲ್ಲಿ ಪರಿಷ್ಕೃತಗೊಂಡವು. ಇವುಗಳ ಪ್ರಕಾರ ಪೂರಕ ಆಹಾರ ಎಂದರೆ ಆಹಾರವೇ ಹೊರತು ಔಷಧವಲ್ಲ. ಡಬ್ಬದ ಮೇಲೆ 'ಹೆಲ್ತ್ ಸಪ್ಲಿಮೆಂಟ್' ಎಂದೂ 'ಔಷಧವಾಗಿ ಬಳಸುವುದಕ್ಕಲ್ಲ' ಎಂದೂ ನಮೂದಿಸಬೇಕು. ದಿನಕ್ಕೆ ಎಷ್ಟು ಸೇವಿಸಬೇಕು ಎಂಬುದನ್ನೂ ಅದನ್ನು ಮೀರಬಾರದು ಎಂಬ ಎಚ್ಚರಿಕೆಯನ್ನೂ ಬರೆಯಬೇಕು. ಹಾರ್ಮೋನು, ಸ್ಟೆರಾಯ್ಡುಗಳನ್ನು ಸೇರಿಸುವಂತೆಯೇ ಇಲ್ಲ. ರೋಗ ಗುಣಪಡಿಸುತ್ತದೆ ಎಂದು ಹೇಳಿಕೊಳ್ಳುವಂತೆಯೂ ಇಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಕಳಪೆ ಗುಣಮಟ್ಟದ ಆಹಾರಕ್ಕೆ 5 ಲಕ್ಷ ರೂಪಾಯಿಯವರೆಗೆ ದಂಡವಿದೆ. ಪ್ರಾಣಕ್ಕೆ ಎರವಾಗುವ ಅಸುರಕ್ಷಿತ ಆಹಾರ ಮಾರಿದರೆ ಜೀವಾವಧಿ ಸಜೆಯವರೆಗೂ ಶಿಕ್ಷೆ ಆಗಬಹುದು.

ಆದರೆ ಇಲ್ಲೊಂದು ಗೊಂದಲವಿದೆ. ಔಷಧ ಅಂಗಡಿಯ ಒಂದೇ ಕಪಾಟಿನಲ್ಲಿ ಒಂದೇ ತೆರನಾಗಿ ಕಾಣುವ ಎರಡು ವಿಟಮಿನ್ ಮಾತ್ರೆಗಳಲ್ಲಿ ಒಂದು 1940ರ ಔಷಧ ಕಾಯಿದೆಯಡಿ ತಯಾರಾದದ್ದಾಗಿರಬಹುದು, ಇನ್ನೊಂದು ಆಹಾರ ಕಾಯಿದೆಯಡಿ ತಯಾರಾದದ್ದಾಗಿರಬಹುದು. ಔಷಧವಾದರೆ ತಯಾರಿಕಾ ಲೈಸೆನ್ಸ್ ಸಂಖ್ಯೆ ಇರುತ್ತದೆ. ಆಹಾರವಾದರೆ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುತ್ತದೆ. ಔಷಧ ಅಂಗಡಿಯಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದು ಔಷಧವಾಗುವುದಿಲ್ಲ. ವೈದ್ಯರು ಬರೆದುಕೊಟ್ಟ ಔಷಧದ ಬದಲಿಗೆ ಇದನ್ನು ಕೊಟ್ಟರೆ ಪ್ರಶ್ನಿಸುವ ಹಕ್ಕು ನಮಗಿದೆ.

ಲೈಸೆನ್ಸಿನ ಷರತ್ತುಗಳ ಪ್ರಕಾರ ತಯಾರಕರು ಕನಿಷ್ಠ ಆರು ತಿಂಗಳಿಗೊಮ್ಮೆ ತಮ್ಮ ಉತ್ಪನ್ನವನ್ನು ಪರೀಕ್ಷೆಗೊಳಪಡಿಸಬೇಕು. ಆರು ತಿಂಗಳಿಗೊಂದು ಪರೀಕ್ಷೆ ಎಂದರೆ ನಡುವೆ ಎಷ್ಟು ಬ್ಯಾಚುಗಳು ಹೊರಹೋಗಿರುತ್ತವೆ ಎಂಬುದನ್ನು ಓದುಗರೇ ಊಹಿಸಬಹುದು. ಒಳ್ಳೆಯ ಕಂಪೆನಿಗಳು ಕಾನೂನು ಹೇಳಿದ್ದಕ್ಕಿಂತ ಹೆಚ್ಚು ಮಾಡುತ್ತವೆ, ಪ್ರತಿ ಬ್ಯಾಚನ್ನೂ ಪರೀಕ್ಷಿಸುತ್ತವೆ. ಆದ್ದರಿಂದಲೇ 'ಲ್ಯಾಬ್ ಟೆಸ್ಟೆಡ್' ಎಂಬ ಎರಡು ಶಬ್ದಗಳನ್ನು ಓದಿ ಸುಮ್ಮನಾಗಬಾರದು. ಯಾವ ಲ್ಯಾಬ್, ಯಾವ ಬ್ಯಾಚ್, ಯಾವ ತಾರೀಕು ಎಂದು ಕೇಳಬೇಕು.

ಪರೀಕ್ಷೆಯನ್ನೂ ವಂಚಿಸಬಹುದು

ಪ್ರೋಟೀನ್ ಅಳೆಯುವ ಹಳೆಯ ಮತ್ತು ಇಂದಿಗೂ ಬಳಕೆಯಲ್ಲಿರುವ ವಿಧಾನವನ್ನು 1883ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ ಎಂಬ ರಸಾಯನ ವಿಜ್ಞಾನಿ ರೂಪಿಸಿದರು. ಇದರಲ್ಲಿ ನೇರವಾಗಿ ಪ್ರೋಟೀನನ್ನು ಅಳೆಯುವುದಿಲ್ಲ. ಪದಾರ್ಥದಲ್ಲಿ ಸಾರಜನಕ ಎಷ್ಟಿದೆ ಎಂದು ನೋಡಿ, ಅದನ್ನು ಸಾಮಾನ್ಯವಾಗಿ 6.25ರಿಂದ ಗುಣಿಸುತ್ತಾರೆ. ಸಾರಜನಕ ಎಲ್ಲಿಂದ ಬಂತು ಎಂದು ಈ ಪರೀಕ್ಷೆ ವಿಚಾರಿಸುವುದಿಲ್ಲ. ಆರ್‌ಸಿಎಫ್ ಕಾಲನಿಯವರಿಗೆ ಚಿರಪರಿಚಿತವಾದ ಯೂರಿಯಾ ಗೊಬ್ಬರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಶೇ. 46 ಸಾರಜನಕವಿದೆ. ಈ ಲೆಕ್ಕದಲ್ಲಿ 100 ಗ್ರಾಂ ಯೂರಿಯಾಕ್ಕೆ 287 ಗ್ರಾಂ 'ಪ್ರೋಟೀನ್' ಬರುತ್ತದೆ!

ಇದು ಬರೀ ತಮಾಷೆಯ ಮಾತಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿನ ಪ್ರೋಟೀನ್ ಅಂಶ ಹೆಚ್ಚಿದೆಯೆಂದು ತೋರಿಸಲು ಸಾರಜನಕ ತುಂಬಿದ ಮೆಲಮೈನ್ ಎಂಬ ರಾಸಾಯನಿಕವನ್ನು ಸೇರಿಸಲಾಗಿತ್ತು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು, ಆರು ಹಸುಳೆಗಳು ಪ್ರಾಣ ಕಳಕೊಂಡವು. ಪ್ರೋಟೀನ್ ಹುಡಿಯ ಧಂದೆಯಲ್ಲಿ ಮೆಲಮೈನ್ ಬದಲಿಗೆ ಗ್ಲೈಸಿನ್, ಟಾರಿನ್‌ನಂತಹ ಅಗ್ಗದ ಅಮೈನೋ ಪದಾರ್ಥಗಳನ್ನು ಬೆರೆಸಿ ಲೆಕ್ಕ ಸರಿತೂಗಿಸುವ ಚಾಳಿ ಇದೆ. ಇದನ್ನು ಹಿಡಿಯಬೇಕಾದರೆ ಒಂದೊಂದು ಅಮೈನೋ ಆಮ್ಲವನ್ನೂ ಬೇರ್ಪಡಿಸಿ ನೋಡುವ ಪರೀಕ್ಷೆ ಬೇಕು. ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ಎಂಬ ನಾಲ್ಕು ಲೋಹಗಳಿಗೆ, ಬೂಸ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ, ಕೀಟನಾಶಕದ ಉಳಿಕೆಗೆ, ರೋಗಾಣುಗಳಿಗೆ ಬೇರೆಬೇರೆ ಪರೀಕ್ಷೆಗಳಿವೆ. ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಎಲ್ಲದರಲ್ಲೂ ತೇರ್ಗಡೆಯಾದಂತಲ್ಲ.

ಮಾರುಕಟ್ಟೆಯ ನಿಜಸ್ಥಿತಿಗೆ ಒಂದು ಕನ್ನಡಿ 2024ರಲ್ಲಿ ದೊರಕಿತು. ಕೇರಳದ ಯಕೃತ್ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಸಂಗಡಿಗರು ಭಾರತದಲ್ಲಿ ಮಾರಾಟವಾಗುವ 36 ಪ್ರೋಟೀನ್ ಹುಡಿಗಳನ್ನು ಪರೀಕ್ಷಿಸಿ, ಫಲಿತಾಂಶವನ್ನು 'ಮೆಡಿಸಿನ್' ಎಂಬ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಸುಮಾರು ಶೇ. 70ರಷ್ಟು ಡಬ್ಬಗಳಲ್ಲಿ ಬರೆದಷ್ಟು ಪ್ರೋಟೀನಿಗೂ ಇದ್ದದ್ದಕ್ಕೂ ತಾಳೆಯಿರಲಿಲ್ಲ. ಕೆಲವದರಲ್ಲಿ ಹೇಳಿದ್ದರ ಅರ್ಧದಷ್ಟೇ ಇತ್ತು. ಶೇ. 14ರಷ್ಟರಲ್ಲಿ ಅಫ್ಲಾಟಾಕ್ಸಿನ್, ಶೇ. 8ರಷ್ಟರಲ್ಲಿ ಕೀಟನಾಶಕದ ಅಂಶ ಕಂಡುಬಂತು. ಈ ಡಬ್ಬಗಳೆಲ್ಲ ತೆರೆದ ಮಾರುಕಟ್ಟೆಯಲ್ಲಿ ಸಿಗುವಂಥವೇ ಎಂಬುದು ಗಮನಾರ್ಹ.

ಊರಿನ ಉಪ್ಪಾಗೆ, ಪರದೇಶದ ಮಾತ್ರೆ

ಡಬ್ಬದೊಳಗೆ ಹೇಳಿದ್ದೇ ಇದೆ, ವಿಷವೂ ಇಲ್ಲ ಎಂದಿಟ್ಟುಕೊಳ್ಳೋಣ. ಆಗಲಾದರೂ ಹೇಳಿದ ಗುಣ ಸಿಗುತ್ತದೆಯೇ? ಇದು ಬೇರೆಯೇ ಪ್ರಶ್ನೆ. ನಮ್ಮ ಘಟ್ಟದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆಯನ್ನು, ತುಳುವಿನ ಮಂತುಪುಳಿಯನ್ನು ನೋಡಿ. ಕೊಡಗಿನ ಪ್ರಸಿದ್ಧ ಕಾಚಂಪುಳಿ ತಯಾರಾಗುವುದು ಇದರಿಂದಲೇ. ಅಡುಗೆಗೆ ಹುಳಿ ಕೊಡುತ್ತಿದ್ದ ಈ ಹಣ್ಣಿನ ಸಿಪ್ಪೆಯಿಂದ ತೆಗೆದ ಸತ್ವ 'ಗಾರ್ಸೀನಿಯಾ ಕಂಬೋಜಿಯಾ' ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಅಮೆರಿಕದವರೆಗೆ ಹೋಯಿತು. ಅಲ್ಲಿಯ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 135 ಮಂದಿಯನ್ನು 12 ವಾರ ಪರೀಕ್ಷಿಸಿದಾಗ, ಈ ಮಾತ್ರೆ ತಿಂದವರ ತೂಕ ಬರಿಯ ಹುಸಿ ಮಾತ್ರೆ ತಿಂದವರಿಗಿಂತ ಹೆಚ್ಚೇನೂ ಇಳಿದಿರಲಿಲ್ಲ. ಇದನ್ನು ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಆಮೇಲೆ ವರದಿಯಾಗಿವೆ.

ಮಂತುಪುಳಿ ಹಾಕಿದ ಸಾರು ಉಣ್ಣಲು ಯಾರೂ ಹೆದರಬೇಕಾಗಿಲ್ಲ. ಆದರೆ ಸಾರಿನಲ್ಲಿ ನಾಲ್ಕು ಎಸಳು ಹಾಕುವುದಕ್ಕೂ ಅದರ ಸತ್ವವನ್ನು ಹಿಂಡಿ ತಿಂಗಳುಗಟ್ಟಲೆ ನುಂಗುವುದಕ್ಕೂ ವ್ಯತ್ಯಾಸವಿದೆ. 'ನಮ್ಮ ಊರಿನದೇ, ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ' ಎಂಬ ಮಾತು ಕಿವಿಗೆ ಬಿದ್ದಾಗ ಇದನ್ನು ನೆನಪಿಸಿಕೊಳ್ಳುವುದು ಒಳಿತು. ಪರೀಕ್ಷಾ ವರದಿ ಒಳಗೇನಿದೆ ಎಂದು ಹೇಳುತ್ತದೆ, ಅದು ನಮಗೆ ಬೇಕೇ ಎಂದು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು.

ಗ್ರಾಹಕರ ಕೈಯಲ್ಲೂ ಅಧಿಕಾರವಿದೆ

ನಮ್ಮಲ್ಲಿ ಬಹಳ ಮಂದಿಗೆ ತಿಳಿಯದ ಒಂದು ಸಂಗತಿಯಿದೆ. 2006ರ ಕಾಯಿದೆಯ 40ನೇ ಕಲಂ ಪ್ರಕಾರ ಯಾವ ಗ್ರಾಹಕನೂ ತಾನು ಕೊಂಡ ಆಹಾರವನ್ನು ಶುಲ್ಕ ಕೊಟ್ಟು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಪರೀಕ್ಷೆಗೆ ಕೊಡುವ ಉದ್ದೇಶವಿದೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು ಎಂಬುದು ಷರತ್ತು. ಪದಾರ್ಥ ನಿಯಮಕ್ಕೆ ತಕ್ಕಂತಿಲ್ಲ ಎಂದು ವರದಿ ಬಂದರೆ ಶುಲ್ಕವೂ ವಾಪಸು ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಆಹಾರ ಮತ್ತು ಔಷಧ ಎರಡನ್ನೂ ನೋಡಿಕೊಳ್ಳುವುದು ಒಂದೇ ಇಲಾಖೆ. ಅದರ ಮುಖ್ಯ ಕಚೇರಿ ಚೆಂಬೂರಿಗೆ ದೂರವಲ್ಲದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿದೆ.

ಇಲಾಖೆಯ ಅಧಿಕಾರಿಗಳೇ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ವಿಶ್ಲೇಷಕರ ವರದಿ 14 ದಿನಗಳೊಳಗೆ ಬರಬೇಕೆಂಬ ನಿಯಮವಿದೆ. ವರದಿಯನ್ನು ಒಪ್ಪದವರು ಮೇಲ್ಮನವಿ ಹೋದರೆ ಅಂತಿಮ ಪರೀಕ್ಷೆ ನಡೆಯುವುದು ರೆಫರಲ್ ಪ್ರಯೋಗಾಲಯದಲ್ಲಿ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಸಿಎಫ್‌ಟಿಆರ್‌ಐ ಇಂಥ ಪ್ರಯೋಗಾಲಯಗಳಲ್ಲಿ ಒಂದು ಎಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ.

ಕೊಳ್ಳುವಾಗ ಇಷ್ಟು ನೋಡಿದರೂ ಅರ್ಧ ಅಪಾಯ ತಪ್ಪುತ್ತದೆ. 14 ಅಂಕೆಗಳ ಸಂಖ್ಯೆಯನ್ನು ಎಫ್‌ಎಸ್‌ಎಸ್‌ಎಐನ 'ಫಾಸ್ಕಾಸ್' ಜಾಲತಾಣದಲ್ಲಿ ಹಾಕಿ, ಲೈಸೆನ್ಸ್ ಯಾರ ಹೆಸರಿನಲ್ಲಿದೆ, ಅವಧಿ ಮುಗಿದಿದೆಯೇ ಎಂದು ನೋಡಬೇಕು. ವಿದೇಶದ ಡಬ್ಬವಾದರೆ ಆಮದುದಾರನ ಹೆಸರು, ವಿಳಾಸ ಮತ್ತು ಎಫ್‌ಎಸ್‌ಎಸ್‌ಎಐ ಸಂಖ್ಯೆ ಕಡ್ಡಾಯವಾಗಿ ಇರಬೇಕು, ಇಲ್ಲದಿದ್ದರೆ ಮುಟ್ಟಬಾರದು. ಬಿಲ್ ಇಲ್ಲದೆ ಕೊಳ್ಳಬಾರದು. ಬ್ಯಾಚ್ ನಂಬರ್ ಹೇಳಿ ವಿಶ್ಲೇಷಣಾ ವರದಿ ಕಳುಹಿಸಿ ಎಂದು ಕಂಪೆನಿಯನ್ನು ಕೇಳಬೇಕು. ಕ್ರೀಡಾಪಟುಗಳಾದರೆ ಪ್ರತಿ ಬ್ಯಾಚನ್ನೂ ನಿಷೇಧಿತ ಮದ್ದುಗಳಿಗಾಗಿ ಪರೀಕ್ಷಿಸುವ 'ಇನ್‌ಫಾರ್ಮ್ಡ್ ಸ್ಪೋರ್ಟ್'ನಂತಹ ಗುರುತಿರುವುದನ್ನು ಆರಿಸಿ, ಆ ಬ್ಯಾಚ್ ಪಟ್ಟಿಯಲ್ಲಿದೆಯೇ ಎಂದು ಖಾತ್ರಿಪಡಿಸಿಕೊಳ್ಳುವುದು ಉತ್ತಮ.

ಸಂಘಗಳು ಮುಂದೆ ಬರಲಿ

ಒಬ್ಬೊಬ್ಬರೇ ಇಷ್ಟೆಲ್ಲ ಮಾಡುವುದು ಸುಲಭವಲ್ಲ. ಆದರೆ ನಮ್ಮಲ್ಲಿ ಸಂಘಗಳಿವೆ. ವಿದ್ಯಾಸಂಸ್ಥೆಗಳನ್ನೇ ನಡೆಸುತ್ತಿರುವ ಚೆಂಬೂರು ಕರ್ನಾಟಕ ಸಂಘದಿಂದ ಹಿಡಿದು ಜಾತೀಯ ಸಂಘಟನೆಗಳ ಸ್ಥಳೀಯ ಸಮಿತಿಗಳ ತನಕ ಜನರನ್ನು ಒಂದುಗೂಡಿಸುವ ಶಕ್ತಿ ಎಲ್ಲ ಕಡೆ ಇದೆ. ವೈದ್ಯಕೀಯ ತಪಾಸಣಾ ಶಿಬಿರ ನಡೆಸುವಾಗ, ರಕ್ತದೊತ್ತಡ, ಸಕ್ಕರೆ ಪರೀಕ್ಷೆಯ ಜೊತೆಗೆ, "ನೀವು ತಿನ್ನುವ ಎಲ್ಲ ಡಬ್ಬಗಳನ್ನೂ ತನ್ನಿ" ಎಂದು ಸದಸ್ಯರಿಗೆ ಹೇಳಿದರೆ ಹೇಗೆ? ಥೈರಾಯ್ಡ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ನುಂಗಿದರೆ ಮಾತ್ರೆ ಸರಿಯಾಗಿ ಮೈಗೂಡುವುದಿಲ್ಲ, ನಡುವೆ ನಾಲ್ಕು ಗಂಟೆ ಅಂತರ ಬೇಕು ಎಂಬ ಒಂದು ಮಾತು ಕೇಳಿದರೂ ಎಷ್ಟೋ ತಾಯಂದಿರಿಗೆ ಉಪಕಾರವಾಗುತ್ತದೆ. ಪ್ರಯೋಗಾಲಯಗಳಲ್ಲಿ ದುಡಿದ ನಮ್ಮ ಹಿರಿಯರನ್ನು ಕರೆದು, ವಿಶ್ಲೇಷಣಾ ವರದಿ ಓದುವುದು ಹೇಗೆ ಎಂದು ಯುವಕರಿಗೆ ಒಂದು ಸಂಜೆ ತಿಳಿಸಿಕೊಡಬಹುದು.

ಸಂಘದ ಸಭಾಗೃಹದ ಹೊರಗೆ ಪೂರಕ ಆಹಾರದ ಮೇಜು ಹಾಕಲು ಅನುಮತಿ ಕೇಳಿ ಬಂದವರಿಗೆ ಪದಾಧಿಕಾರಿಗಳು ಒಂದೇ ಪ್ರಶ್ನೆ ಕೇಳಲಿ: "ಈ ಬ್ಯಾಚಿನ ವರದಿ ಇದೆಯಾ?" ಇದ್ದರೆ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಲಿ, ಇಲ್ಲದಿದ್ದರೆ ಮೇಜು ಬೇಡ. ಮಾರಲು ಬಂದವರು ನಮ್ಮವರೇ ಆಗಿರಬಹುದು, ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು. ಆದರೆ ಡಬ್ಬದೊಳಗೆ ಏನಿದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಜಿನ್‌ಸೆಂಗ್ ನುಂಗಿದ ಓಟಗಾರ್ತಿಯರೂ ಅದು ತಮಗೆ ತಿಳಿದಿರಲಿಲ್ಲ ಎಂದೇ ಹೇಳಿದ್ದರು. ಆ ಮಾತು ಅವರ ನಿಷೇಧವನ್ನು ತಪ್ಪಿಸಲಿಲ್ಲ. ನಮ್ಮ ಮಕ್ಕಳ ಯಕೃತ್ತನ್ನೂ ಅದು ಕಾಪಾಡದು. ಹೊಟೇಲಿನಲ್ಲಿ ಬಡಿಸುವ ಮುನ್ನ ಸಾಂಬಾರಿನ ಒಂದು ಹನಿಯನ್ನು ಅಂಗೈಗೆ ಹಾಕಿ ರುಚಿ ನೋಡುವ ರೂಢಿಯಲ್ಲಿ ಬೆಳೆದವರು ನಾವು. ಡಬ್ಬದ ಹುಡಿಯ ವಿಷಯದಲ್ಲಿ ಆ ರೂಢಿಯನ್ನು ಕೈಬಿಡುವುದು ಬೇಡ.